ಉಂಡೆ ಉಂಡಳೇ?

ಮಾನ್ಯ ಸಂಪಾದಕರೇ,

ಎರಡು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ, ಸಾಕುಪ್ರಾಣಿಗಳ ಪ್ರಶ್ನೋತ್ತರದ ಕೆಳಮೂಲೆಯಲ್ಲಿ, ಒಬ್ಬ ಓದುಗರ ಪ್ರಶ್ನೆ ಬಂದಿತ್ತು. ತಮ್ಮ ಸಾಕು ಮುಳ್ಳುಹಂದಿಗೆ ಹಲ್ಲಿನ ಶಸ್ತ್ರಚಿಕಿತ್ಸೆಯಾಗಿದೆ, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಕೇಳಿದ್ದರು. ಉತ್ತರ ಮೂರೇ ಸಾಲು. ‘ಎರಡು ದಿನ ಮೆತ್ತಗಿನ ಆಹಾರ ಕೊಡಿ. ಪ್ರಾಣಿ ಮುದುಡಿಕೊಂಡು ಮಲಗಿದ್ದರೆ ಎಬ್ಬಿಸಬೇಡಿ, ವಿಶ್ರಾಂತಿಯೇ ಮದ್ದು. ಹಲ್ಲು ಬೆಳೆಯುತ್ತಲೇ ಇರುವುದರಿಂದ ಮುಂದೆ ಕಡಿಯಲು ಮರದ ತುಂಡು ಇಡಿ.’ ಮೂರೂ ತಪ್ಪು ಎನ್ನಲಾರೆ. ಮೊದಲನೆಯದು ಅರ್ಧ ಸರಿ. ಎರಡನೆಯದನ್ನು ನಂಬಿದ್ದರೆ ನಮ್ಮ ಮನೆಯ ಪ್ರಾಣಿ ನಾಲ್ಕು ತಿಂಗಳ ಹಿಂದೆಯೇ ಸತ್ತಿರುತ್ತಿತ್ತು. ಅದಕ್ಕಾಗಿ ಈ ಪತ್ರ. ಉದ್ದವಾಗಿದೆ, ಕತ್ತರಿ ನಿಮ್ಮ ಕೈಯಲ್ಲಿದೆ. ಆದರೆ ತೂಕದ ಅಂಕಿಗಳಿಗೆ ಮಾತ್ರ ಕತ್ತರಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ, ಏಕೆಂದರೆ ಮೂರನೆಯ ಸಾಲಿನ ತಪ್ಪು ಹುಟ್ಟಿದ್ದು ಅಲ್ಲಿಂದಲೇ. ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳನ್ನು ನಾವು ಮುಳ್ಳುಹಂದಿ ಎನ್ನುತ್ತೇವೆ. ಕಾಡಿನಲ್ಲಿ ಉದ್ದುದ್ದ ಮುಳ್ಳು ಕೆದರಿಕೊಂಡು ಓಡಾಡುವ, ಹತ್ತು ಹದಿನೈದು ಕಿಲೋ ತೂಗುವ ಪ್ರಾಣಿ ಒಂದು. ಅಂಗೈಯಲ್ಲಿ ಕೂರುವ, ಹುಳುಹುಪ್ಪಟೆ ತಿನ್ನುವ ಹೆಡ್ಜ್‌ಹಾಗ್ ಇನ್ನೊಂದು. ದೊಡ್ಡದು ಇಲಿ, ಅಳಿಲುಗಳ ಬಳಗ. ಅದಕ್ಕೆ 20 ಹಲ್ಲು. ಮುಂದಿನ ಬಾಚಿಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತವೆ, ಕಡಿದು ಕಡಿದು ಸವೆಸುತ್ತಿರಬೇಕು. ಚಿಕ್ಕದು ಸುಂಡಿಲಿಯ ದಾಯಾದಿ. ಅದಕ್ಕೆ 36 ಹಲ್ಲು. ಒಂದೊಂದೂ ಬೇರು ಬಿಟ್ಟದ್ದು, ನನ್ನ ನಿಮ್ಮ ಹಲ್ಲಿನ ಹಾಗೆ. ಕಾಯಂ ಹಲ್ಲು ಬಿದ್ದರೆ ಮತ್ತೆ ಬರುವುದಿಲ್ಲ, ಸವೆದರೆ ತುಂಬಿಕೊಳ್ಳುವುದಿಲ್ಲ. ಹಂದಿಯಂತೂ ಎರಡೂ ಅಲ್ಲ. ದೊಡ್ಡದಕ್ಕೆ ಒಪ್ಪುವ ಮರದ ತುಂಡನ್ನು ಚಿಕ್ಕದರ ಬಾಯಿಗೆ, ಅದೂ ಹಲ್ಲು ಕಿತ್ತ ಹಸಿಗಾಯದ ಬಾಯಿಗೆ, ಹೇಳುವುದು ಹೇಗೆ ಸರಿಯಾದೀತು? ಇನ್ನು ಮುಂದೆಯಾದರೂ ಚಿಕ್ಕದನ್ನು ಹೆಡ್ಜ್‌ಹಾಗ್ ಎಂದೇ ಅಚ್ಚು ಹಾಕಿ. ಎರವಲು ಪದವಾದರೂ ಪ್ರಾಣ ಉಳಿಯುತ್ತದೆ.

ನಾನು ಮೂವತ್ತೆರಡು ವರ್ಷ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದವನು. ಪ್ರಾಣಿಪ್ರಿಯ ಎಂದು ಹೇಳಿಕೊಳ್ಳುವ ಅರ್ಹತೆ ನನಗಿಲ್ಲ. ಮೊಮ್ಮಗಳು ಓದಲು ಬೇರೆ ಊರಿಗೆ ಹೋಗುವಾಗ ‘ತಾತ, ನೀವು ಹೇಗೂ ರಾತ್ರಿ ಎದ್ದೇ ಇರುತ್ತೀರಲ್ಲ’ ಎಂದು ಪಂಜರವನ್ನು ನನ್ನ ಕೋಣೆಗೆ ತಂದಿಟ್ಟು ಹೋದಳು. ಅದರೊಳಗಿದ್ದದ್ದು ಸಾಕಣೆಯಲ್ಲೇ ಹುಟ್ಟಿ ಬೆಳೆದ, ಆಫ್ರಿಕಾ ಮೂಲದ ಪುಟ್ಟ ಹೆಡ್ಜ್‌ಹಾಗ್. ಶಾಸ್ತ್ರೀಯ ಹೆಸರು ಅಟೆಲೆರಿಕ್ಸ್ ಆಲ್ಬಿವೆಂಟ್ರಿಸ್. ಮುದುಡಿದರೆ ನೂಲಿನ ಉಂಡೆಯ ಹಾಗೆ ಕಾಣುತ್ತದೆ ಎಂದು ಮೊಮ್ಮಗಳು ಇಟ್ಟ ಹೆಸರು ಉಂಡೆ. ಪ್ರಾಣಿಯನ್ನು ‘ಅದು’ ಎನ್ನಬೇಕೆಂದು ವ್ಯಾಕರಣ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ನನ್ನ ಜೊತೆಗೆ ಎಚ್ಚರವಿದ್ದ ಜೀವವನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿಂದ ಮುಂದೆ ಅವಳು.

ಉಂಡೆಗೆ ಮೂರು ವರ್ಷ ತುಂಬಿದ ಹೊತ್ತಿನಲ್ಲಿ ತಟ್ಟೆಯ ಸುತ್ತ ಆಹಾರದ ಕಾಳುಗಳು ಬೀಳತೊಡಗಿದವು. ಬಾಯಿಗೆ ತೆಗೆದುಕೊಳ್ಳುವಳು, ತಲೆಯನ್ನು ಬಲಕ್ಕೆ ವಾಲಿಸಿ ಒಂದೆರಡು ಸಲ ಅಗಿಯುವಳು, ಉಗುಳುವಳು. ವಯಸ್ಸಾಯಿತು, ರುಚಿ ಕೆಟ್ಟಿರಬೇಕು ಎಂದುಕೊಂಡೆ. ಉಸಿರಿನಲ್ಲಿ ಕೊಳೆತ ವಾಸನೆ ಬಂದಾಗಲೂ ಪಂಜರ ತೊಳೆದೆನೇ ಹೊರತು ಬಾಯಿಯ ಯೋಚನೆ ಬರಲಿಲ್ಲ. ಕೊನೆಗೆ ಹಾಸುಬಟ್ಟೆಯ ಮೇಲೆ ಸಾಸಿವೆ ಗಾತ್ರದ ರಕ್ತದ ಕಲೆ ಕಂಡ ದಿನ ತೂಗಿ ನೋಡಿದರೆ 371 ಗ್ರಾಂ. ಹಿಂದಿನ ತಿಂಗಳು 412 ಇದ್ದವಳು. ದೇಹದ ಹತ್ತರಲ್ಲೊಂದು ಪಾಲು ಕರಗಿಹೋಗಿತ್ತು. ಅರುವತ್ತು ಕಿಲೋದ ಮನುಷ್ಯನಿಗೆ ಆರು ಕಿಲೋ ಇಳಿದ ಲೆಕ್ಕ. ಹೀಗೆ ಗುಣಿಸಿ ನೋಡಿದ ಮೇಲೆಯೇ ನನಗೆ ಭಯ ಹತ್ತಿದ್ದು.

ಹೆಡ್ಜ್‌ಹಾಗ್‌ನ ಬಾಯಿ ನೋಡುವುದೇ ಒಂದು ಸಾಹಸ. ಬೆನ್ನಿನ ಚರ್ಮದ ಅಂಚಿನ ಸುತ್ತ ಒಂದು ಸ್ನಾಯುಪಟ್ಟಿ ಇದೆ. ಹೆದರಿದಾಗ ಚೀಲದ ಬಾಯಿಯ ದಾರ ಎಳೆದಂತೆ ಅದನ್ನು ಬಿಗಿದುಕೊಂಡರೆ ಮುಖ, ಕಾಲು, ಹೊಟ್ಟೆ ಎಲ್ಲವೂ ಒಳಗೆ. ಬಿಡಿಸಲು ಹೋದವರ ಬೆರಳಿಗೆ ಮುಳ್ಳು. ಆದ್ದರಿಂದ ಡಾಕ್ಟರಮ್ಮ ಪರೀಕ್ಷೆಗೇ ಅರಿವಳಿಕೆ ಅನಿಲ ಕೊಟ್ಟರು. ಎಡಗಡೆಯ ಮೂರು ದವಡೆಹಲ್ಲುಗಳು ಅಲ್ಲಾಡುತ್ತಿದ್ದವು, ಒಸಡು ಊದಿ ಕೀವು ಕಟ್ಟಿತ್ತು, ಉಳಿದವುಗಳ ಬುಡದಲ್ಲಿ ಗಟ್ಟಿಗಾರೆ, ಅಂದರೆ ಹಲ್ಲಿಗೆ ಅಂಟಿ ಕಲ್ಲಾದ ಕೊಳೆ. ಮೂರನ್ನೂ ಕಿತ್ತರು, ಕರಗುವ ದಾರದಿಂದ ಒಸಡು ಹೊಲಿದರು, ಊದಿದ ಜಾಗದ ಒಂದು ಚೂರನ್ನು ಪರೀಕ್ಷೆಗೆ ಕಳುಹಿಸಿದರು. ವಯಸ್ಸಾಗುತ್ತಿರುವ ಹೆಡ್ಜ್‌ಹಾಗ್‌ಗಳಲ್ಲಿ ಬಾಯಿಯ ಕ್ಯಾನ್ಸರ್ ಅಪರೂಪವಲ್ಲ, ಹೊರಗಿನಿಂದ ಅದೂ ಒಸಡಿನ ಊತದಂತೆಯೇ ಕಾಣುತ್ತದೆ ಎಂದರು. ವರದಿ ಬರುವವರೆಗೆ ಆ ಮಾತನ್ನು ನಾನು ಮೊಮ್ಮಗಳಿಗೆ ಹೇಳಲಿಲ್ಲ.

ಸಂಜೆ ಅವಳನ್ನು ಕರೆದುಕೊಂಡು ಹೊರಡುವಾಗ ಕೈಗೆ ಒಂದು ಚೀಟಿ ಬಂತು. ಮೆತ್ತಗಿನ ಆಹಾರ, ಎರಡು ಔಷಧ, ಇಷ್ಟಿಷ್ಟು, ಹತ್ತು ದಿನ ಬಿಟ್ಟು ಬನ್ನಿ. ಆ ವೈದ್ಯರ ಕೈ ಬಹಳ ಒಳ್ಳೆಯದು, ನಡುರಾತ್ರಿ ಫೋನ್ ಎತ್ತುವಷ್ಟು ಒಳ್ಳೆಯವರು, ಅವರ ಬಗ್ಗೆ ನನಗೆ ದೂರಿಲ್ಲ. ಆ ಚೀಟಿಯ ಬಗ್ಗೆ ಇದೆ. ಶಸ್ತ್ರಚಿಕಿತ್ಸೆ ಒಂದು ಗಂಟೆಯೊಳಗೆ ಮುಗಿಯಿತು. ಆಮೇಲಿನ ಹತ್ತು ರಾತ್ರಿಗಳು ನನ್ನ ಪಾಲಿಗೆ ಬಂದವು, ಆ ಹತ್ತು ರಾತ್ರಿಗಳಿಗೆ ಚೀಟಿಯಲ್ಲಿ ಜಾಗವಿರಲಿಲ್ಲ.

ಮೊದಲ ರಾತ್ರಿಯ ಶತ್ರು ಗಾಯವಲ್ಲ, ಚಳಿ. ಅರಿವಳಿಕೆಯಲ್ಲಿ ದೇಹದ ಬಿಸಿ ಇಳಿಯುತ್ತದೆ. ಅಂಗೈಯಗಲದ ಪ್ರಾಣಿ ಅದನ್ನು ಮತ್ತೆ ಕೂಡಿಸಿಕೊಳ್ಳಲು ಒದ್ದಾಡುತ್ತದೆ, ಮುಳ್ಳಿಗೆ ತುಪ್ಪಟದ ಬೆಚ್ಚಗಿಲ್ಲ. ಈ ಆಫ್ರಿಕಾದ ತಳಿಗೆ ಸುತ್ತಲಿನ ಗಾಳಿ 24ರಿಂದ 29 ಡಿಗ್ರಿ ಇದ್ದರೆ ಹಿತ. ಇಪ್ಪತ್ತಕ್ಕಿಂತ ಕೆಳಗಿಳಿದರೆ ಚಳಿನಿದ್ದೆಗೆ ಜಾರಲು ನೋಡುತ್ತದೆ. ಯೂರೋಪಿನ ಹೆಡ್ಜ್‌ಹಾಗ್ ಚಳಿಗಾಲವಿಡೀ ಹಾಗೆ ಮಲಗಿ ಎದ್ದು ಬರುತ್ತದೆ. ಮನೆಯಲ್ಲಿ ಸಾಕುವ ಈ ತಳಿಗೆ ಆ ನಿದ್ದೆ ಅಪಾಯದ್ದು, ಎಷ್ಟೋ ಸಲ ಏಳುವುದೇ ಇಲ್ಲ. ನಾನು ಪೆಟ್ಟಿಗೆಯ ಅರ್ಧಭಾಗದ ಕೆಳಗೆ ಮಾತ್ರ ಬಿಸಿಮೆತ್ತೆ ಹಾಕಿ, ಮೇಲೆ ಬಟ್ಟೆ ಹಾಸಿ, ಒಳಗೊಂದು ಉಷ್ಣಮಾಪಕ ಇಟ್ಟಿದ್ದೆ. ಅರ್ಧವೇ ಏಕೆಂದರೆ, ಸೆಕೆಯಾದರೆ ಸರಿದುಕೊಳ್ಳಲು ಅವಳಿಗೆ ಜಾಗ ಬೇಕು. ಅಮಲಿನಲ್ಲಿರುವ ಪ್ರಾಣಿ ಬಿಸಿಯ ಮೇಲೆಯೇ ಬಿದ್ದಿದ್ದರೆ ಚರ್ಮ ಸುಡುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ನೋಡಿದರೆ ಮೆತ್ತೆಯ ತಂತಿ ಸಡಿಲಗೊಂಡು ಆರಿಹೋಗಿತ್ತು. ಉಷ್ಣಮಾಪಕ 19 ತೋರಿಸುತ್ತಿತ್ತು. ಉಂಡೆ ಮುದುಡಿ ಮಲಗಿದ್ದಳು, ನಿಮ್ಮ ಪುರವಣಿಯ ಉತ್ತರದಲ್ಲಿ ಹೇಳಿದ ಹಾಗೆಯೇ, ಬಹಳ ಶಾಂತವಾಗಿ. ಕೆಳಗಿನಿಂದ ಬೆರಳು ತೂರಿಸಿ ಹೊಟ್ಟೆ ಮುಟ್ಟಿದೆ. ನೆಲದಷ್ಟು ತಣ್ಣಗಿತ್ತು.

ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಹಾಕಿಕೊಂಡು, ನನ್ನ ಹೊಟ್ಟೆಗೆ ಅವಳ ಹೊಟ್ಟೆ ತಾಗುವ ಹಾಗೆ ಕುರ್ಚಿಯಲ್ಲಿ ಒರಗಿದೆ. ನಲವತ್ತು ನಿಮಿಷ. ಒಮ್ಮೆಲೇ ಬಿಸಿಗೆ ಒಡ್ಡಬಾರದು, ನಿಧಾನವಾಗಿ ಕಾಯಿಸಬೇಕು ಎನ್ನುವುದು ಗೊತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಬಟ್ಟೆಯೊಳಗೆ ಸಣ್ಣ ನಡುಕ. ನಡುಕ ನಿಂತಮೇಲೆ ಸಿಟ್ಟಿನ ಉಸಿರು, ಕಾದ ಹಂಚಿಗೆ ನೀರು ಚಿಮುಕಿಸಿದ ಸದ್ದು, ಜೊತೆಗೇ ಮುಳ್ಳೆಲ್ಲ ನೆಟ್ಟಗಾಗಿ ನನ್ನ ಹೊಟ್ಟೆಗೆ ಚುಚ್ಚಿದವು. ಅಷ್ಟು ಹಿತವಾಗಿ ಯಾರೂ ನನ್ನನ್ನು ಚುಚ್ಚಿರಲಿಲ್ಲ. ಬೆಳಗ್ಗೆ ನನ್ನ ಹೆಂಡತಿ ಹೊಟ್ಟೆಯ ಮೇಲಿನ ಕೆಂಪು ಚುಕ್ಕೆಗಳನ್ನು ನೋಡಿ ಸೊಳ್ಳೆಪರದೆ ಕಟ್ಟಿಕೊಳ್ಳಿ ಎಂದಳು.

ಹಾಸುಬಟ್ಟೆಯ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ತೆಗೆದುಹಾಕಿದ್ದು ಸರಿಯೇ. ಅದರ ಬದಲು ಬಿಳಿಯ ಟರ್ಕಿ ಟವೆಲ್ ಹಾಸಿದೆ. ಬಿಳಿಯದಾದರೆ ರಕ್ತ ಕಾಣುತ್ತದೆ ಎಂಬ ಬುದ್ಧಿವಂತಿಕೆ. ಟವೆಲಿನ ಕುಣಿಕೆಗಳಿಗೆ ಅವಳ ಉಗುರು ಸಿಕ್ಕಿ, ಕಾಲು ಎಳೆದಾಡುತ್ತಿದ್ದಳು. ಆಮೇಲೆ ನನ್ನದೊಂದು ಹಳೆಯ ಬಿಳಿ ಅಂಗಿಯ ಗುಂಡಿ ಕತ್ತರಿಸಿ, ಅಂಚಿನ ದಾರ ಕಿತ್ತು ಹಾಸಿದೆ. ಮೊದಲ ದಿನ ಜೊಲ್ಲಿನಲ್ಲಿ ತೆಳು ಗುಲಾಬಿ ಬಣ್ಣ ಇತ್ತು, ಅಷ್ಟು ಇರುತ್ತದೆ ಎಂದು ವೈದ್ಯರು ಹೇಳಿದ್ದರು. ಕಡುಗೆಂಪು ಹನಿ ಬಿದ್ದರೆ, ಮರುದಿನವೂ ನಿಲ್ಲದಿದ್ದರೆ, ಕೆನ್ನೆ ಊದಿದರೆ, ವಾಸನೆ ಮತ್ತೆ ಬಂದರೆ ಕಾಯಬಾರದು. ಓಡುವ ಚಕ್ರವನ್ನೂ ಪಂಜರದಿಂದ ತೆಗೆಸಿದ್ದರು. ರಾತ್ರಿಯಿಡೀ ಓಡುವ ಪ್ರಾಣಿ ಇದು, ತಿನ್ನದೆ ಓಡಿದರೆ ಉಳಿದಿದ್ದೂ ಕರಗುತ್ತದೆ. ನೀರಿನ ಬಾಟಲಿಯ ಲೋಹದ ಕೊಳವೆಯನ್ನು ತೆಗೆದು ತಗ್ಗಿನ ಬಟ್ಟಲು ಇಟ್ಟೆ. ಅದನ್ನು ಮೊದಲೇ ಇಡಬೇಕಿತ್ತು. ಆ ಕೊಳವೆಯನ್ನು ಕಚ್ಚಿ ಕಚ್ಚಿ ಹಲ್ಲು ಚಕ್ಕೆ ಎದ್ದ ಹೆಡ್ಜ್‌ಹಾಗ್‌ಗಳು ಬಹಳ ಇವೆಯಂತೆ.

ಈಗ ಊಟದ ಮಾತು. ಹೆಸರು ಉಂಡೆ, ಆದರೆ ಮೊದಲ ರಾತ್ರಿ ಉಣ್ಣಲಿಲ್ಲ, ಎರಡನೆಯ ರಾತ್ರಿಯೂ ತಾನಾಗಿ ಉಣ್ಣಲಿಲ್ಲ. ಮೊಮ್ಮಗಳು ದಿನಕ್ಕೆ ಮೂರು ಸಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುವಳು: ‘ತಾತ, ಉಂಡೆ ಉಂಡಳೇ?’ ಇಷ್ಟು ಸಣ್ಣ ಪ್ರಾಣಿಗೆ ಉಪವಾಸ ಸಹಜ, ಹಸಿವಾದರೆ ತಾನೇ ತಿನ್ನುತ್ತದೆ ಎಂದು ಸಮಾಧಾನ ಹೇಳಿದವರು ಹಲವರು. ನಿಮ್ಮ ಓದುಗರಲ್ಲಿ ಯಾರಾದರೂ ಈ ಸ್ಥಿತಿಯಲ್ಲಿದ್ದರೆ ದಯವಿಟ್ಟು ಆ ಸಮಾಧಾನವನ್ನು ಒಪ್ಪಬೇಡಿ. ಹೆಡ್ಜ್‌ಹಾಗ್ ತಿನ್ನುವುದನ್ನು ನಿಲ್ಲಿಸಿದರೆ ದೇಹದಲ್ಲಿ ಕೂಡಿಟ್ಟ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಯಕೃತ್ತು ಕೆಟ್ಟರೆ ಹಸಿವೇ ಸಾಯುತ್ತದೆ, ಹಸಿವು ಸತ್ತರೆ ಇನ್ನಷ್ಟು ಉಪವಾಸ. ಹಲ್ಲಿನಿಂದ ಪಾರಾದ ಪ್ರಾಣಿ ಹೊಟ್ಟೆಯಿಂದ ಹೋಗುತ್ತದೆ. ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ವೈದ್ಯರಿಗೆ ಹೇಳಬೇಕು, ಅಷ್ಟೇ. ನಾನು ಹೇಳಿದೆ. ಅವರು ಸಿರಿಂಜಿನಲ್ಲಿ ಉಣಿಸಿ ಎಂದರು.

ಉಣಿಸಿದ್ದು ಬೆಕ್ಕಿನ ಮರಿಗಳಿಗೆಂದು ಬರುವ ಡಬ್ಬದ ಮೆತ್ತನೆಯ ಆಹಾರ. ಬಿಸಿನೀರು ಬೆರೆಸಿ, ಗಂಟಿಲ್ಲದ ಹಾಗೆ ಕಲಸಿ, ಮೊಣಕೈ ಒಳಭಾಗಕ್ಕೆ ಹಚ್ಚಿ ಬಿಸಿ ನೋಡಿ. ಎಳೆಮಗುವಿಗೆ ನೋಡುತ್ತೇವಲ್ಲ, ಹಾಗೆ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಹೆಡ್ಜ್‌ಹಾಗ್ ಮೂಗಿನಿಂದಲೇ ಬದುಕುವ ಪ್ರಾಣಿ. ಸೂಜಿ ತೆಗೆದ ಒಂದು ಮಿಲಿಲೀಟರಿನ ಸಿರಿಂಜು. ಹೊಲಿಗೆ ಇಲ್ಲದ ಬಲಗಡೆಯ ತುಟಿಯ ಅಂಚಿನಿಂದ, ಒಂದೊಂದೇ ತೊಟ್ಟು. ನೇರವಾಗಿ ಗಂಟಲಿಗೆ ಒತ್ತಿದರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ. ನುಂಗಿದ್ದು ಕಂಡಮೇಲೆ ಮುಂದಿನ ತೊಟ್ಟು.

ಆದರೆ ತುಟಿ ಎಲ್ಲಿದೆ? ಉಂಡೆಯೊಳಗೆ. ಬಿಡಿಸಲು ಹೋಗಬಾರದು, ಬಲವಂತ ಮಾಡಿದಷ್ಟೂ ದಾರ ಬಿಗಿಯುತ್ತದೆ. ದೀಪ ಸಣ್ಣದು ಮಾಡಿ, ತೊಡೆಯ ಮೇಲೆ ಬಟ್ಟೆ ಹಾಸಿ, ಅವಳನ್ನು ಇಟ್ಟುಕೊಂಡು ಸುಮ್ಮನೆ ಕೂರಬೇಕು. ಐದು ನಿಮಿಷಕ್ಕೆ ಮುಳ್ಳುಗಳು ಒಂದೊಂದು ದಿಕ್ಕಿಗೆ ಸಡಿಲಾಗುತ್ತವೆ. ಹತ್ತು ನಿಮಿಷಕ್ಕೆ ಉಂಡೆಯ ಒಂದು ಕಡೆ ಸೀಳು ಬಿಟ್ಟು, ಅದರಿಂದ ಒದ್ದೆ ಕಪ್ಪು ಮೂಗು, ಮೆಣಸಿನಕಾಳಿಗಿಂತ ತುಸು ದೊಡ್ಡದು, ಹೊರಬಂದು ಗಾಳಿಯನ್ನು ತಡವುತ್ತದೆ. ಆ ಮೂಗಿನ ಎದುರಿಗೆ ಸಿರಿಂಜಿನ ತುದಿಯ ಒಂದು ತೊಟ್ಟನ್ನು ಹಿಡಿದು ಕೈ ನಡುಗದ ಹಾಗೆ ಕಾಯಬೇಕು. ಮೂಗು ತಾಗುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಒಂದು ಸಲ ನಾನು ಸೀನಿ ಇಪ್ಪತ್ತು ನಿಮಿಷದ ದುಡಿಮೆ ಹಾಳು ಮಾಡಿಕೊಂಡೆ.

ಎಷ್ಟು ಉಂಡಳು ಎನ್ನುವುದಕ್ಕೆ ಕಣ್ಣಂದಾಜು ಬೇಡ. ಅಡುಗೆಮನೆಯ ಗ್ರಾಂ ತಕ್ಕಡಿ ತಂದೆ. ನನ್ನ ಹೆಂಡತಿ ತಕ್ಷಣ ಬೇರೆ ತಕ್ಕಡಿ ಕೊಳ್ಳಲು ಹೇಳಿದಳು. ಅವಳು ಹೇಳಿದ್ದು ಸರಿ. ಈ ಪ್ರಾಣಿಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅವುಗಳ ತಟ್ಟೆ, ಸಿರಿಂಜು, ತಕ್ಕಡಿ ಎಲ್ಲವೂ ಬೇರೆ ಇರಬೇಕು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮುದ್ದಿಡುವುದಂತೂ ಬೇಡವೇ ಬೇಡ. ಪ್ರತಿ ಸಂಜೆ ಒಂದೇ ಹೊತ್ತಿಗೆ, ಉಣಿಸುವ ಮೊದಲು, ಬಟ್ಟಲಿನ ತೂಕ ಕಳೆದು ತೂಗಿದೆ. ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಹೀಗಿದೆ. ಶಸ್ತ್ರಚಿಕಿತ್ಸೆಯ ಸಂಜೆ 366. ಮರುದಿನ 361. ಮೂರನೆಯ ದಿನ 355. ನಾಲ್ಕು, 352. ಐದು, 352. ಆರು, 355. ಏಳು, 359.

ಈ 352ರ ಮುಂದೆ ಇನ್ನೊಂದು 352 ಬರೆದ ಸಂಜೆಯನ್ನು ನಾನು ಮರೆಯುವುದಿಲ್ಲ. ಹೊರಗಿನಿಂದ ನೋಡಿದರೆ ಮೂರನೆಯ ದಿನದ ಉಂಡೆಗೂ ಆರನೆಯ ದಿನದ ಉಂಡೆಗೂ ಏನೂ ವ್ಯತ್ಯಾಸವಿರಲಿಲ್ಲ. ಎರಡೂ ದಿನ ಅದೇ ಮುಳ್ಳಿನ ಚೆಂಡು, ಅದೇ ಮೌನ. ನಾನು ನಿಮ್ಮ ಉತ್ತರದ ಎರಡನೆಯ ಸಾಲಿಗೆ ಸಿಟ್ಟಾಗಿರುವುದು ಇದಕ್ಕೇ. ನಾಯಿ ನೋವಾದರೆ ಕುಂಯ್‌ಗುಡುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಹೆಡ್ಜ್‌ಹಾಗ್ ನಿದ್ದೆ ಬಂದರೂ ಮುದುಡುತ್ತದೆ, ಹೆದರಿದರೂ ಮುದುಡುತ್ತದೆ, ನೋವಿದ್ದರೂ ಮುದುಡುತ್ತದೆ, ಚಳಿಯಿಂದ ಸಾಯುತ್ತಿದ್ದರೂ ಮುದುಡುತ್ತದೆ. ಎಲ್ಲಕ್ಕೂ ಒಂದೇ ರುಜು ಹಾಕುವ ಗುಮಾಸ್ತನ ಹಾಗೆ. ಒಳಗೇನು ನಡೆದಿದೆ ಎಂದು ತಿಳಿಯಲು ನನಗೆ ಸಿಕ್ಕಿದ್ದು ಮೂರೇ ದಾರಿ: ಹೊಟ್ಟೆಯ ಬಿಸಿ, ತಕ್ಕಡಿಯ ಅಂಕಿ, ಮತ್ತು ಕ್ಷಮಿಸಿ, ಮಲದ ಬಣ್ಣ. ಎರಡನೆಯ ದಿನ ಹಸಿರಾಗಿತ್ತು. ಒತ್ತಡಕ್ಕೂ ಉಪವಾಸಕ್ಕೂ ಹಾಗಾಗುತ್ತದೆ. ಐದನೆಯ ದಿನ ಕಂದು ಬಣ್ಣಕ್ಕೆ ತಿರುಗಿದಾಗ ಮೊಮ್ಮಗಳಿಗೆ ಫೋನ್ ಮಾಡಿ ಆ ಸುದ್ದಿ ಹೇಳಿದೆ. ಅವಳು ಆಗ ಊಟ ಮಾಡುತ್ತಿದ್ದಳಂತೆ.

ಎರಡನೆಯ ರಾತ್ರಿಯ ಒಂದು ಘಟನೆ ಬರೆಯಲೇಬೇಕು, ಬೇರೆಯವರಿಗಾದರೂ ನನ್ನ ಹಾಗೆ ಎದೆ ಒಡೆಯದಿರಲಿ. ರಾತ್ರಿ ಒಂದೂವರೆಗೆ ಸೋಂಕುನಿವಾರಕ ಔಷಧದ ಹೊಸ ಬಾಟಲಿ ತೆರೆದು ಮೊದಲ ತೊಟ್ಟು ಕೊಟ್ಟೆ. ಏನೋ ಹಣ್ಣಿನ ಘಮ ಅದಕ್ಕೆ. ಅವಳು ನೆಕ್ಕಿದಳು, ಚಪ್ಪರಿಸಿದಳು, ಮತ್ತೆ ಚಪ್ಪರಿಸಿದಳು. ಬಾಯಿಯಿಂದ ಬಿಳಿ ನೊರೆ ಬರತೊಡಗಿತು. ಮುಂಗಾಲು ಅಗಲಿಸಿ ನಿಂತು, ಕತ್ತನ್ನು ಹಿಂದಕ್ಕೆ ತಿರುಚಿ, ಕಣ್ಣು ಎತ್ತಲೋ ನೆಟ್ಟು, ಮೈಯೆಲ್ಲ ಹುರಿಯ ಹಾಗೆ ಹೆಣೆದುಕೊಂಡಳು. ಫಿಟ್ಸ್ ಎಂದೇ ತಿಳಿದು ಡಾಕ್ಟರಮ್ಮನಿಗೆ ಫೋನ್ ಮಾಡಿ ಏನೇನೋ ಕೂಗಿದೆ.

‘ಸರ್, ನಿಧಾನವಾಗಿ ಹೇಳಿ. ನೊರೆಯನ್ನು ಏನು ಮಾಡುತ್ತಿದ್ದಾಳೆ?’

ನೋಡಿದೆ. ನಾಲಿಗೆ ಉದ್ದ ಮಾಡಿ ಬೆನ್ನಿನ ಮುಳ್ಳುಗಳಿಗೆ ಬಳಿಯುತ್ತಿದ್ದಳು, ಗೋಡೆಗೆ ಸುಣ್ಣ ಹೊಡೆಯುವವರಂತೆ ಏಕಾಗ್ರತೆಯಿಂದ.

‘ಹಾಗಾದರೆ ಮಲಗಿಕೊಳ್ಳಿ. ಅವಳಿಗೆ ಏನೂ ಆಗಿಲ್ಲ.’

ಹೊಸ ವಾಸನೆ ಸಿಕ್ಕಿದರೆ ಅದನ್ನು ಜೊಲ್ಲಿನಲ್ಲಿ ನೊರೆ ಬರಿಸಿ ಮೈಗೆ ಬಳಿದುಕೊಳ್ಳುವುದು ಹೆಡ್ಜ್‌ಹಾಗ್‌ಗಳ ಹುಟ್ಟುಗುಣ. ಏಕೆ ಹಾಗೆ ಮಾಡುತ್ತವೆ ಎಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಬಾಯಲ್ಲಿ ಹೊಲಿಗೆ ಇರುವಾಗಲೂ ಮಾಡಬೇಕೇ ಎಂದರೆ, ಮಾಡಬೇಕಂತೆ. ನಿಜವಾದ ಫಿಟ್ಸ್ ಆದರೆ ಪ್ರಾಣಿ ಒಂದು ಬದಿಗೆ ಬೀಳುತ್ತದೆ, ಕಾಲು ಬಡಿಯುತ್ತದೆ, ನೆಕ್ಕುವ ಕೆಲಸಕ್ಕೆ ಹೋಗುವುದಿಲ್ಲ. ಬಿಡಿ, ಔಷಧದ ಎಷ್ಟು ಪಾಲು ಹೊಟ್ಟೆಗೆ, ಎಷ್ಟು ಪಾಲು ಬೆನ್ನಿಗೆ ಹೋಯಿತೋ ಲೆಕ್ಕ ಸಿಗಲಿಲ್ಲ. ನಾನಾಗಿ ಇನ್ನೊಂದು ಸಲ ಕೊಡಲಿಲ್ಲ, ಬೆಳಗ್ಗೆ ಕೇಳಿದೆ. ಇಷ್ಟು ಸಣ್ಣ ದೇಹಕ್ಕೆ ಒಂದು ತೊಟ್ಟು ಹೆಚ್ಚಾದರೂ ಹೆಚ್ಚೇ.

ನೋವಿನ ಔಷಧವನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ‘ಪ್ರಾಣಿ ಆರಾಮಾಗಿ ಕಾಣುತ್ತಿದೆಯಲ್ಲ, ಔಷಧ ಏಕೆ’ ಎಂದು ಪಕ್ಕದ ಮನೆಯವರು ಕೇಳಿದರು. ಆರಾಮಾಗಿ ಕಾಣುತ್ತಿರುವುದು ಔಷಧದಿಂದಲೇ ಇರಬಹುದಲ್ಲ? ಬಾಯಿ ನೋಯುತ್ತಿದ್ದರೆ ಯಾರು ಉಣ್ಣುತ್ತಾರೆ? ಅವರೇ ಇನ್ನೊಂದು ದಿನ ಒಂದು ಬಟ್ಟಲು ಹಾಲು ತಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಹೆಡ್ಜ್‌ಹಾಗ್‌ಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಉಪವಾಸದ ಮೇಲೆ ಭೇದಿ ಎಂದರೆ ತಕ್ಕಡಿಯ ಗತಿ ಏನು? ಹಾಲನ್ನು ನಾನೇ ಕುಡಿದು ಬಟ್ಟಲು ವಾಪಸು ಕೊಟ್ಟೆ. ಮನುಷ್ಯರ ನೋವಿನ ಮಾತ್ರೆ ಪುಡಿ ಮಾಡಿ ಕೊಡುವ ಸಲಹೆಯೂ ಬಂತು, ಅದಕ್ಕೆ ನಾನು ಸೌಜನ್ಯದಿಂದ ಉತ್ತರಿಸಲಿಲ್ಲ. ‘ಇಷ್ಟು ಚಿಕ್ಕ ಪ್ರಾಣಿಗೆ ಆಪರೇಷನ್ನೇ’ ಎಂದು ನಕ್ಕವರಿಗೆ ಉತ್ತರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ಗಾಯ ಮಾಯುತ್ತಿದೆಯೇ ಎಂದು ನೋಡುವ ಒಂದು ಉಪಾಯ ನನಗೆ ಎಂಟನೆಯ ದಿನ ಹೊಳೆಯಿತು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ತೆಳು ಪಾರದರ್ಶಕ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಒಳಗಿನಿಂದ ಒಂದು ಚಮಚ ಆಹಾರ ಬಳಿದು, ಎರಡು ಕುರ್ಚಿಗಳ ನಡುವೆ ಸೇತುವೆಯ ಹಾಗೆ ಇಟ್ಟು, ಅವಳನ್ನು ಒಳಗೆ ಬಿಟ್ಟು, ನಾನು ಕೆಳಗೆ ಅಂಗಾತ ಮಲಗಿದೆ. ಅವಳು ನೆಕ್ಕತೊಡಗಿದಾಗ ಗುಲಾಬಿ ನಾಲಿಗೆ, ತುಟಿ, ಎಡಗಡೆಯ ಒಸಡು ಎಲ್ಲವೂ ನನ್ನ ಕಣ್ಣಿನ ಮೇಲೆ ಒಂದೂವರೆ ಅಡಿ ದೂರದಲ್ಲಿ. ಹೊಲಿಗೆಯ ಒಂದು ಎಳೆ ಇನ್ನೂ ಇತ್ತು. ಒಸಡು ನೇರಳೆಯಿಂದ ಗುಲಾಬಿಗೆ ಬಂದಿತ್ತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೆಲದ ಮೇಲೆ ಮಲಗಿದ್ದ ನನ್ನನ್ನು ನೋಡಿ, ಏನೂ ಕೇಳದೆ ಹೊರಟುಹೋದಳು.

ಹನ್ನೊಂದನೆಯ ದಿನ ವರದಿ ಬಂತು: ಒಸಡಿನ ಉರಿಯೂತ ಮಾತ್ರ, ಕ್ಯಾನ್ಸರ್ ಇಲ್ಲ. ಎಲ್ಲರಿಗೂ ಹೀಗೆ ಬರುವುದಿಲ್ಲ. ಚೂರನ್ನು ಪರೀಕ್ಷೆಗೆ ಕಳುಹಿಸಲು ವೈದ್ಯರು ಹೇಳಿದರೆ ಬೇಡ ಎನ್ನದಿರಿ. ಎರಡು ರೋಗಗಳಿಗೂ ಮುಂದಿನ ದಾರಿ ಪೂರ್ತಿ ಬೇರೆ. ಆರು ತಿಂಗಳಿಗೊಮ್ಮೆ ಬಾಯಿ ತೋರಿಸಬೇಕು ಎಂದರು. ಈ ಸಲ ಚೀಟಿಯ ಬದಲು ನಾನೇ ಒಂದು ಹಾಳೆ ಒಯ್ದಿದ್ದೆ. ರಾತ್ರಿ ಒಂದು, ರಾತ್ರಿ ಎರಡು ಎಂದು ಸಾಲು ಹಾಕಿ, ಏನು ನೋಡಬೇಕು, ಎಷ್ಟಕ್ಕೆ ಫೋನ್ ಮಾಡಬೇಕು ಎಂದು ಬರೆದದ್ದು. ಡಾಕ್ಟರಮ್ಮ ಓದಿ, ಎರಡು ಕಡೆ ತಿದ್ದಿ, ಜೆರಾಕ್ಸ್ ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡರು. ಒಂದು ತಿದ್ದುಪಡಿ, ಉಷ್ಣಮಾಪಕವನ್ನು ಅವಳು ಮಲಗುವ ಮಟ್ಟದಲ್ಲೇ ಇಡಬೇಕು, ಪೆಟ್ಟಿಗೆಯ ಮೇಲ್ಭಾಗದಲ್ಲಿ ಅಲ್ಲ. ಇನ್ನೊಂದು, ನನ್ನ ಕಾಗುಣಿತದ್ದು.

ಗಟ್ಟಿ ಆಹಾರಕ್ಕೆ ಆತುರಪಡಲಿಲ್ಲ. ನಿಮ್ಮ ಉತ್ತರದಲ್ಲಿ ‘ಎರಡು ದಿನ’ ಎಂದಿತ್ತು. ನಮಗೆ ಎರಡು ವಾರ ಹಿಡಿಯಿತು. ಕಾಳುಗಳನ್ನು ನೀರಿನಲ್ಲಿ ನೆನೆಸಿ, ದಿನದಿನಕ್ಕೆ ನೆನೆಸುವ ಹೊತ್ತು ಕಡಿಮೆ ಮಾಡುತ್ತ ಬಂದೆ. ಅವಳಿಗೆ ಪ್ರಾಣವಾದ ಹಿಟ್ಟಿನ ಹುಳುಗಳನ್ನೂ ತಡೆಹಿಡಿದೆ, ಅವುಗಳ ಹೊರಚಿಪ್ಪು ಗಡುಸು, ಗಾಯಕ್ಕೆ ಗೀರುತ್ತದೆ. ಹದಿನಾರನೆಯ ರಾತ್ರಿ ಡಬ್ಬದಲ್ಲಿ ಆಗತಾನೇ ಪೊರೆ ಕಳಚಿದ ಒಂದು ಹುಳು ಸಿಕ್ಕಿತು. ಪೊರೆ ಬಿಟ್ಟ ಕೆಲವು ಗಂಟೆ ಅದು ಹಾಲುಬಿಳುಪಾಗಿ, ಅನ್ನದ ಅಗುಳಿನಷ್ಟು ಮೆತ್ತಗೆ ಇರುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು ಮೂಗಿನ ಎದುರು ಇಟ್ಟೆ. ಹತ್ತು ನಿಮಿಷ ಕಾಯುವ ಪ್ರಶ್ನೆಯೇ ಬರಲಿಲ್ಲ. ಚಿಮಟದ ತುದಿಯನ್ನೂ ಕಚ್ಚಿದಳು.

ನನ್ನ ಕೋರಿಕೆ ಎರಡು. ಮೂರನೆಯ ಸಾಲಿನ ಮರದ ತುಂಡಿಗೆ ಒಂದು ತಿದ್ದೋಲೆ ಹಾಕಿ. ಎರಡನೆಯ ಸಾಲಿನ ಬದಲು, ಮುದುಡಿ ಮಲಗಿದ್ದರೆ ಹೊಟ್ಟೆ ಮುಟ್ಟಿ ನೋಡಿ, ಪ್ರತಿದಿನ ತೂಗಿ ಎಂದು ಅಚ್ಚು ಹಾಕಿ. ಪ್ರಶ್ನೆ ಕೇಳಿದ ಆ ಓದುಗರ ವಿಳಾಸ ನಿಮ್ಮಲ್ಲಿದ್ದರೆ ಪತ್ರಿಕೆ ಹೊರಬರುವವರೆಗೆ ಕಾಯದೆ ತಿಳಿಸಿ; ಈ ಪ್ರಾಣಿಗಳಿಗೆ ಭಾನುವಾರದವರೆಗೆ ಕಾಯುವ ಪುರುಸೊತ್ತು ಇರುವುದಿಲ್ಲ. ನಾನು ಕಳುಹಿಸಿರುವ ಹಾಳೆಯ ಪ್ರತಿ ಈ ಪತ್ರದ ಜೊತೆಗಿದೆ, ಅದನ್ನು ಯಾರಿಗೆ ಬೇಕಾದರೂ ಕೊಡಿ. ಕಾಗುಣಿತ ಸರಿಪಡಿಸಿದ್ದೇನೆ.

ಇದನ್ನು ಬರೆಯುತ್ತಿರುವುದು ರಾತ್ರಿ ಹನ್ನೆರಡೂಕಾಲಕ್ಕೆ. ಚಕ್ರ ಪಂಜರಕ್ಕೆ ವಾಪಸು ಬಂದಿದೆ, ಅದರ ಗರಗರ ಸದ್ದು ಈಗಷ್ಟೇ ನಿಂತಿತು. ತಟ್ಟೆಯ ಹತ್ತಿರ ಕುರುಕುರು ಸದ್ದು. ಬಲಗಡೆಯಿಂದಲೇ ಅಗಿಯುತ್ತಾಳೆ, ಎಡಗಡೆ ಮೂರು ಖಾಲಿ. ಇಂದಿನ ತೂಕ 404.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಲೆಕ್ಕಿಗ